ಆಯಿ ಹೊಗಳಿದ ಗಾಡಿ

ಅಂಕೋಲೆಯ ಮೀನು ಪೇಟೆಯಲ್ಲಿ ನನ್ನನ್ನು ಹೆತ್ತ ಆಯಿಯ ಜಾಗ ಎರಡೂವರೆ ಫರ್ಸಿಕಲ್ಲಿನಷ್ಟು ಅಗಲ. ಅವಳಿಗಿಂತ ಮೊದಲು ಅಲ್ಲಿ ಅವಳ ಅತ್ತೆ ಕೂರುತ್ತಿದ್ದಳು. ಆ ಜಾಗಕ್ಕೆ ಕಾಗದ ಇಲ್ಲ, ಬೋರ್ಡು ಇಲ್ಲ. ಕೂತವಳ ಗೇಣೆತ್ತರದ ಮಣೆ, ಅದರ ಮುಂದೆ ಅವಳ ಬುಟ್ಟಿ, ಅಷ್ಟೇ ದಾಖಲೆ. ಬಾಣಂತನವೋ ಸೂತಕವೋ ಬಂದು ನಾಲ್ಕು ದಿನ ಬರಲಾಗದಿದ್ದರೆ ಬುಟ್ಟಿಯನ್ನು ಅಲ್ಲೇ ಕವುಚಿಟ್ಟು ಹೋಗುವುದು ಹೆಂಗಸರ ಪದ್ಧತಿ. ಕವುಚಿದ ಬುಟ್ಟಿಯನ್ನು ಇನ್ನೊಬ್ಬಳು ಎತ್ತುವುದಿಲ್ಲ. ಆದರೆ ಎಷ್ಟು ದಿನದವರೆಗೆ ಎತ್ತುವುದಿಲ್ಲ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ.

ಆಯಿಯ ಬುಟ್ಟಿ ಮೇ ತಿಂಗಳ ಕೊನೆಯಿಂದ ಕವುಚಿಕೊಂಡೇ ಇತ್ತು. ಕೇಣಿಯ ದಂಡೆಯಲ್ಲಿ ದೋಣಿಗೆ ಹಾಕಿದ ಹಲಗೆಯ ಮೇಲೆ ಜಾರಿ ಬಿದ್ದು ಅವಳ ಬಲಗಾಲಿನ ಹರಡು ಮುರಿದಿತ್ತು. ಒಳಗೆ ಪ್ಲೇಟು ಹಾಕಿದರು. ಕೇಣಿಯ ಮನೆಯಲ್ಲಿ ಅಣ್ಣ ಬೋಟಿನ ಮೇಲೆ, ಅತ್ತಿಗೆ ನಸುಕಿಗೇ ದಂಡೆಗೆ ಹೋಗುವವಳು, ಅದಕ್ಕೆ ಆಯಿಯನ್ನು ಅಮದಳ್ಳಿಗೆ ನಮ್ಮ ಮನೆಗೆ ಕರೆತಂದೆ. ಮಳೆಗಾಲದ ಎರಡು ತಿಂಗಳು ಹೇಗೂ ಬೋಟು ಬಂದ್, ಅಷ್ಟರಲ್ಲಿ ಕಾಲು ಕೂಡಿಕೊಳ್ಳುತ್ತದೆ ಅಂದುಕೊಂಡಿದ್ದೆವು. ಬೋಟು ಮತ್ತೆ ಕಡಲಿಗೆ ಇಳಿದವು, ಚೌತಿಯೂ ಮುಗಿಯಿತು. ಮಣೆಯ ಮೇಲೆ ಕೂರಲು ಅಡ್ಡಿಯಿಲ್ಲ, ಆದರೆ ಎತ್ತರದಿಂದ ಇಳಿಯುವುದು, ಬಸ್ಸಿನಲ್ಲಿ ನಿಂತು ಜೋಲಿ ಹೊಡೆಯುವುದು ಬೇಡ ಎಂದು ಡಾಕ್ಟರು ಹೇಳಿದರು. ಟೆಂಪೋದ ಮೆಟ್ಟಿಲು ಅವಳ ಸೊಂಟದ ಹತ್ತಿರ ಬರುತ್ತದೆ. ರಿಕ್ಷಾದಲ್ಲಿ ಒಂದು ದಿನ ಹೋಗಿ ನೋಡಿದೆವು, ಅವರ್ಸಾ ದಾಟುವುದರೊಳಗೆ ಕಾಲು ಬಾತುಕೊಂಡಿತು.

ನಾನು ಕಲಿಸುವ ಶಾಲೆ ಅಂಕೋಲೆಯ ಕಡೆಗಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಪೇಟೆಗೆ ಹೋಗಿ ಮೀನು ತರುವುದು ರೂಢಿ. ಈಗ ಮೀನಿಗಿಂತ ಮೊದಲು ನೆಲ ನೋಡುತ್ತಿದ್ದೆ. ಆಯಿಯ ಬಲಕ್ಕೆ ಕೂರುವವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿತುಂಬ ಮಾವಶಿ ಮಾವಶಿ ಎಂದು ಆಯಿಯನ್ನು ಕರೆಯುವವಳು. ಆಗಸ್ಟಿನ ಮೊದಲ ಶನಿವಾರ ಅವಳ ಮಣೆ ಎರಡು ಫರ್ಸಿ ಕೂಡುವ ಗೆರೆಯ ಆಚೆ ಇತ್ತು. ಮೂರನೆಯ ಶನಿವಾರ ಮಣೆಯ ಒಂದು ಕಾಲು ಗೆರೆಯ ಮೇಲೆ. ಚೌತಿ ಕಳೆದ ಮೇಲೆ ಎರಡು ಕಾಲೂ ಈಚೆ. ಆಯಿಯ ಬುಟ್ಟಿ ಮಾತ್ರ ಇದ್ದಲ್ಲೇ ಇತ್ತು, ಅದರ ಬೆನ್ನ ಮೇಲೆ ಯಾರದೋ ಐಸಿನ ಗೋಣಿ ಒಣಗುತ್ತಿತ್ತು. ಮಾವಶಿ ಹೇಗಿದ್ದಾಳೆ, ಗಡಿಬಿಡಿ ಮಾಡಬೇಡಿ, ಇನ್ನೊಂದು ಆರು ತಿಂಗಳು ಆರಾಮ ಮಾಡಲಿ ಎಂದು ಅವಳು ಕಾಳಜಿಯಿಂದ ಹೇಳಿದಳು. ಆ ಕಾಳಜಿ ನನಗೆ ರುಚಿಸಲಿಲ್ಲ. ಮನೆಗೆ ಬಂದು ಆಯಿಗೆ ಹೇಳಿದರೆ ಅವಳು ತೆಂಗಿನ ಗರಿಯಿಂದ ಕಡ್ಡಿ ಎಳೆಯುತ್ತ, “ಒಳ್ಳೆ ಪೋರಿ ಅದು” ಎಂದಳು.

ಹೀಗೆ ನಾವು ಗಾಡಿ ನೋಡಲು ಹೊರಟೆವು. ನಾನು ಲೈಸೆನ್ಸು ಮಾಡಿಸಿ ಎರಡು ವರ್ಷ ಆಗಿತ್ತು, ತಂಗಿಯ ಹಳೆಯ ಕಾರಿನಲ್ಲಿ ಕೈ ಕುದುರಿತ್ತು. ಬೆಳಿಗ್ಗೆ ಆಯಿಯನ್ನು ಪೇಟೆಯಲ್ಲಿ ಬಿಟ್ಟು ನಾನು ಶಾಲೆಗೆ ಹೋಗುವುದು, ಸಂಜೆ ಕರೆದುಕೊಂಡು ಬರುವುದು, ಇದು ಲೆಕ್ಕ. ಸಣ್ಣ ಕಾರಾದರೆ ಕುಕ್ಕರಿಸಿ ಕೂರಬೇಕು, ಅದು ಆಯಿಗೆ ಆಗದು. ಕೇಣಿಯ ರಸ್ತೆಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಸ್ವಲ್ಪ ಎತ್ತರದ, ಆದರೆ ನಮ್ಮ ಗೇಟಿನೊಳಗೆ ಹಿಡಿಸುವ ಸಣ್ಣ ಎಸ್‌ಯುವಿಯೇ ಬೇಕೆಂದು ನಮ್ಮ ಮನೆಯವರು ತೀರ್ಮಾನ ಮಾಡಿದರು. ಅವರು ಕಾರವಾರದಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತರು. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ನಡುವೆ ಗೆರೆ ಎಳೆದು, ಎಡಕ್ಕೆ ಒಂದು ಗಾಡಿ, ಬಲಕ್ಕೆ ಇನ್ನೊಂದು ಎಂದು ಮೈಲೇಜು, ಏರ್‌ಬ್ಯಾಗು, ಟಯರಿನ ಎತ್ತರ, ಸರ್ವಿಸ್ ಎಲ್ಲಿ, ಎಲ್ಲ ಬರೆದರು. ಒಂದೇ ಒಂದು ಶರತ್ತು ಹಾಕಿದರು: ಗಾಡಿಯಲ್ಲಿ ಅತ್ತೆ ಬರಲಿ, ಮೀನು ಬರುವುದು ಬೇಡ.

ಆಯಿ ಕೂಡಲೇ ಒಪ್ಪಿದಳು. ಅವಳು ಅಳಿಯನ ಜೊತೆ ನೇರ ಮಾತಾಡುವುದು ಕಡಿಮೆ, ನನ್ನ ಕಡೆ ತಿರುಗಿ, ಕೇಣಿಯಿಂದ ಸೊಸೆ ಮೀನು ಆರಿಸಿ ರಿಕ್ಷಾದಲ್ಲಿ ಪೇಟೆಗೆ ಕಳಿಸುತ್ತಾಳೆ ಎಂದು ಅವರಿಗೆ ಹೇಳು ಅಂದಳು. ನನಗೆ ಅಲ್ಲೇ ಅನುಮಾನ ಬಂತು. ಐವತ್ತು ವರ್ಷದಲ್ಲಿ ತಾನು ಕಿವಿರು ಎತ್ತಿ ನೋಡದ ಮೀನನ್ನು ಆಯಿ ಬುಟ್ಟಿಗೆ ಹಾಕಿದವಳಲ್ಲ. ಸೊಸೆ ತಂದ ಸೆಟ್ಲಿ ಸಿಗಡಿಯನ್ನೂ ಮೂಸಿ ನೋಡುತ್ತಾಳೆ.

ತಂಗಿಯ ಕಾರು ಕೇಳಿ ತಂದು, ಆಯಿಯನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿಕೊಂಡು ಹೊರಟೆವು, ಮೊದಲು ಕಾರವಾರದ ಶೋರೂಮು. ಗಾಡಿ ಬಿಳಿ ಬಣ್ಣದ್ದು, ಚೌಕ ಮೈ, ಎತ್ತರ ಹೆಚ್ಚು. ಮಾರುವಾತ ನಡುವಯಸ್ಸಿನವ, ಕುರ್ಚಿ ಹಾಕಿಸಿ ಶರಬತ್ತು ತರಿಸಿದ. ಶರಬತ್ತು ಬಂದಾಗಲೇ ನಾನು ಹುಷಾರಾದೆ. ಹೊಳಪು ಎಷ್ಟು ಚಂದ ಎಂದು ಅವನು ತೋರಿಸಿದರೆ ನಾನು ಬಾಗಿಲಿನ ಅಡಿಯಲ್ಲಿ ಬೆರಳು ಹಾಕಿ ನೋಡಿದೆ. ನಮ್ಮ ಕಡಲಗಾಳಿಗೆ ಕಬ್ಬಿಣಕ್ಕೆ ಮೊದಲು ತುಕ್ಕು ಹಿಡಿಯುವುದು ಅಲ್ಲೇ. ಮೈಲೇಜು ಕೇಳಿದರೆ ಒಂದು ಅಂಕಿ ಹೇಳಿದ. ಹೈವೇಯಲ್ಲೋ, ಅರ್ಗಾದ ಏರಿನಲ್ಲೋ ಎಂದು ಕೇಳಿದೆ. ನಕ್ಕ, ಅಂಕಿ ಬದಲಿಸಲಿಲ್ಲ.

ಆಯಿ ಕೋಲೂರಿ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಬೆರಳ ಗೆಣ್ಣಿನಿಂದ ಬಾಗಿಲಿಗೆ ಎರಡು ಸಲ ಬಡಿದಳು.

“ತಗಡು ಸಾಬೂನಿನ ಡಬ್ಬಿ ಹಾಂಗೆ ಅದೆ,” ಎಂದಳು. “ಬಣ್ಣ ನೋಡು, ಮೂರು ದಿನ ಐಸಿನಲ್ಲಿಟ್ಟ ಪಾಪ್ಲೆಟ್ಟು.”

ಅಂದಿನಿಂದ ನಮ್ಮ ಮನೆಯಲ್ಲಿ ಆ ಗಾಡಿಯ ಹೆಸರು ಪಾಪ್ಲೆಟ್ಟು. ಹತ್ತುವಾಗ ಆಯಿ ನನ್ನ ಭುಜ ಹಿಡಿಯಬೇಕಾಯಿತು, ಒಮ್ಮೆ ಹಲ್ಲು ಕಚ್ಚಿದಳು. ಕೂತ ಮೇಲೆ ಸೀಟು ಗಟ್ಟಿ ಎಂದಳು, ಕಿಟಕಿ ಸಣ್ಣದು ಎಂದಳು, ಒಳಗಿನ ವಾಸನೆಗೆ ಮೂಗು ಮುಚ್ಚಿದಳು. ಇಳಿದು ಹಿಂದಿನ ಬಾಗಿಲು ತೆಗೆಯಲು ಹೇಳಿದಳು. ತೆಗೆದ. ಧೂಳು ಒರೆಸುವವಳ ಹಾಗೆ ಒಳಗೆ ಕೈಯಾಡಿಸಿ, ಇಷ್ಟೇ ಏನು, ಇದರಲ್ಲಿ ಒಂದು ಕುಂಬಳಕಾಯಿ ಹಿಡಿಸುವುದಿಲ್ಲ ಎಂದು ಮುಖ ತಿರುಗಿಸಿದಳು. ಆದರೆ ಧೂಳು ಒರೆಸುವಾಗ ಹೆಬ್ಬೆರಳು ಕಿರುಬೆರಳು ಅಗಲ ಮಾಡಿ, ಒಂದರ ಮುಂದೆ ಒಂದು ಹಾಕಿ, ಮೂರು ಗೇಣು ಎಣಿಸಿದ್ದನ್ನು ನಾನು ನೋಡಿದೆ. ಯಾಕೆಂದು ಆಗ ಕೇಳಲಿಲ್ಲ. ಮಾರುವಾತನ ಮುಖ ಮಾತ್ರ ಸಪ್ಪಗಾಗಿತ್ತು. ಗಾಡಿ ನೋಡಲು ಬಂದವರು ಇಷ್ಟು ನಿಷ್ಠೆಯಿಂದ ಬೈದದ್ದನ್ನು ಅವನು ಕೇಳಿರಲಿಕ್ಕಿಲ್ಲ.

ಮರುವಾರ ಅಂಕೋಲೆಯ ಹೈವೇ ಪಕ್ಕದ ಶೋರೂಮು. ಅಲ್ಲಿಯದು ಕಡುನೀಲಿ ಬೆನ್ನಿನ ಗಾಡಿ, ಹಿಂದಕ್ಕೆ ಹೋಗುತ್ತ ಇಳಿಜಾರು, ನೋಡಲು ಚುರುಕು. ಪಾಪ್ಲೆಟ್ಟಿನ ಜೋಡಿಗೆ ಇದು ತಾನಾಗಿಯೇ ಬಂಗಡೆ ಆಯಿತು. ಸೀಟು ಆಯಿಯ ಸೊಂಟದ ಮಟ್ಟಕ್ಕೆ ಸರಿಯಾಗಿತ್ತು. ಬೆನ್ನು ಹಾಕಿ ಕೂತು, ಎರಡೂ ಕಾಲು ಒಟ್ಟಿಗೆ ಒಳಗೆ ಎಳೆದುಕೊಂಡಳು, ಯಾರ ಭುಜವೂ ಬೇಕಾಗಲಿಲ್ಲ. ಮನೆಯವರ ಮುಖದಲ್ಲಿ ದೀಪ ಹತ್ತಿತು.

ಆಯಿ ಹೊಗಳಲು ಶುರು ಮಾಡಿದಳು. ಸೀಟು ಎಂದರೆ ಸೀಟು. ಬಣ್ಣ ಎಷ್ಟು ತಂಪು. ಬಾಗಿಲು ಹಾಕಿದರೆ ಸದ್ದೇ ಇಲ್ಲ. ಇಂಥ ಗಾಡಿ ಅಮದಳ್ಳಿಯಲ್ಲಿ ಯಾರ ಮನೆಯಲ್ಲಿದೆ? ಹಿಂದಿನ ಬಾಗಿಲಿನ ಕಡೆಗೆ ಅವಳು ತಿರುಗಿಯೂ ನೋಡಲಿಲ್ಲ. ಅತ್ತೆಗೆ ಒಪ್ಪಿಗೆ ಆಯಿತಲ್ಲ, ಇನ್ನೇನು ಎಂದು ಇವರು ಮುಂಗಡದ ಮಾತು ತೆಗೆದರು. ದಸರೆಯ ದಿನ ಕೈಗೆ ಕೊಡುತ್ತೇವೆ, ಇವತ್ತೇ ಬುಕ್ ಮಾಡಿದರೆ ಮಾತ್ರ ಎಂದು ಅಲ್ಲಿಯವರು ಅವಸರ ಮಾಡಿದರು. ಅವಸರ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ, ಒಂದು ವಾರ ಬೇಕು ಎಂದೆ. ಬರುವ ದಾರಿಯಲ್ಲಿ ಇವರು ಮುಖ ಊದಿಸಿಕೊಂಡು ಕೂತಿದ್ದರು. ಆಯಿ ಮಾತ್ರ ಬೆಲೇಕೇರಿ ಕ್ರಾಸಿನವರೆಗೆ ಬಂಗಡೆಯನ್ನು ಹೊಗಳುತ್ತಲೇ ಇದ್ದಳು.

ಆ ಹೊಗಳಿಕೆ ನನಗೆ ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಆಯಿತು. ಸಣ್ಣವಳಿದ್ದಾಗ ರಜೆಯಲ್ಲಿ ಅವಳ ಹಿಂದೆ ಕೇಣಿಯ ದಂಡೆಗೆ ಹೋಗುತ್ತಿದ್ದೆ. ಮರಳ ಮೇಲೆ ಮೀನು ರಾಶಿ ರಾಶಿಯಾಗಿ ಸುರಿಯುತ್ತಿದ್ದರು. ಆಯಿಗೆ ಬೇಕಾದ ರಾಶಿಯ ಮುಂದೆ ನಿಂತು, ಇದನ್ನು ಬೆಕ್ಕೂ ಮೂಸುವುದಿಲ್ಲ ಎಂದು ಸೆರಗಿನಿಂದ ಮೂಗು ಮುಚ್ಚುತ್ತಿದ್ದಳು. ಬೇಡದ ರಾಶಿಯನ್ನು ಹೊಗಳಿ ಹೊಗಳಿ ಉಳಿದ ಹೆಂಗಸರನ್ನು ಅತ್ತ ಕಳಿಸುತ್ತಿದ್ದಳು. ಎಲ್ಲರೂ ಹಾಗೇ ಮಾಡುತ್ತಿದ್ದರು, ಎಲ್ಲರಿಗೂ ಅದು ಗೊತ್ತಿತ್ತು, ಆದರೂ ಮರುದಿನ ಮತ್ತೆ ಹಾಗೇ. ಅದೆಲ್ಲ ದಂಡೆಯ ಆಟ, ಶೋರೂಮಿನಲ್ಲಿ ಯಾರಾದರೂ ಹಾಗೆ ಮಾಡುತ್ತಾರೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಬಂಗಡೆ ಅವಳ ಕಾಲಿಗೆ ಒಗ್ಗಿದ್ದು ಕಣ್ಣಾರೆ ಕಂಡಿದ್ದೆನಲ್ಲ.

ಗುರುವಾರ ಸಂಜೆ ಮೇಜು ಒರೆಸುವಾಗ ಬಂಗಡೆಯ ಬಣ್ಣದ ಪುಸ್ತಿಕೆ ಕೈಗೆ ಬಂತು. ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಅಂಕಿ ಬರೆದಿತ್ತು, ಅಕ್ಷರ ಇವರದ್ದು. ಉದ್ದ, ಅಗಲ, ಎತ್ತರ ಇರಬೇಕು. ಗಾಡಿಯದಾಗಲು ತೀರ ಸಣ್ಣ. ಟೇಪು ತಗೊಂಡು ಮನೆಯೊಳಗೆ ಏನೇನೋ ಅಳೆದೆ, ಯಾವುದಕ್ಕೂ ತಾಳೆಯಾಗಲಿಲ್ಲ. ಕೊನೆಗೆ ಬಚ್ಚಲ ಹಿಂದೆ ಮಗುಚಿಟ್ಟಿದ್ದ ಆಯಿಯ ನೀಲಿ ಪ್ಲಾಸ್ಟಿಕ್ ಟಬ್ಬು ಕಾಣಿಸಿತು. ಪೇಟೆಯಲ್ಲಿ ಬೆತ್ತದ ಬುಟ್ಟಿ ಇಟ್ಟರೂ ಈಗ ಎಲ್ಲರೂ ಮೀನು ಸಾಗಿಸುವುದು ಮುಚ್ಚಳದ ಟಬ್ಬಿನಲ್ಲೇ. ಅಳೆದೆ. ಮೂರೂ ಅಂಕಿ ಸರಿಹೋದವು. ಟಬ್ಬಿನ ಮೇಲಿನ ಧೂಳಿನಲ್ಲಿ ನಾಲ್ಕು ಬೆರಳಿನ ಗುರುತು ನನಗಿಂತ ಮೊದಲೇ ಇತ್ತು.

ಎರಡು ದಿನ ಹೋಗುವಾಗ ಬರುವಾಗ ಇವರ ಮುಖ ನೋಡುತ್ತಿದ್ದೆ. ಶನಿವಾರ ಶಾಲೆ ಬಿಟ್ಟ ಮೇಲೆ ನೆಟ್ಟಗೆ ಆ ಹೈವೇ ಪಕ್ಕದ ಶೋರೂಮಿಗೆ ಹೋದೆ. ಹಿಂದಿನ ಬಾಗಿಲು ತೆಗೆಸಿ ಟೇಪು ಹಿಡಿದೆ. ಟಬ್ಬು ನೆಲಕ್ಕೇನೋ ಕೂರುತ್ತದೆ, ಆದರೆ ಇಳಿಜಾರಿನ ಬಾಗಿಲು ನಾಲ್ಕು ಬೆರಳು ಮೊದಲೇ ಅದಕ್ಕೆ ತಾಗುತ್ತದೆ. ಮುಚ್ಚುವ ಹಾಗೇ ಇಲ್ಲ. ಅಲ್ಲಿದ್ದವನು, ನಿಮ್ಮ ಯಜಮಾನರೂ ಹದಿನೈದು ದಿನದ ಹಿಂದೆ ಒಬ್ಬರೇ ಬಂದು ಅಲ್ಲೇ ಟೇಪು ಹಿಡಿದಿದ್ದರು ಎಂದ. ಅಂದರೆ ನಾವು ಮೂವರೂ ಹೋಗುವುದಕ್ಕೆ ಮೊದಲೇ.

ಭಾನುವಾರ ಬೆಳಿಗ್ಗೆ ಚಾ ಕುಡಿಯುವಾಗ ಪುಸ್ತಿಕೆಯನ್ನು ಬಿಡಿಸಿ ಅವರ ಮುಂದೆ ಇಟ್ಟೆ. ಆಯಿ ಹೊರಗೆ ಜಗಲಿಯಲ್ಲಿ ಒಣ ಸೆಟ್ಲಿ ಬಿಡಿಸುತ್ತಿದ್ದಳು.

“ಟಬ್ಬು ಹಿಡಿಸಬಾರದು ಅಂತಲೇ ಈ ಗಾಡಿ ಆರಿಸಿದಿರಾ?” ಎಂದು ಕೇಳಿದೆ.

ಅವರು ಅಲ್ಲ ಎನ್ನಲಿಲ್ಲ. ಮೀನಿನ ನೀರು ಒಮ್ಮೆ ಕಾರ್ಪೆಟ್ಟಿಗೆ ಇಳಿದರೆ ಗಾಡಿ ಮಾರುವವರೆಗೂ ವಾಸನೆ ಹೋಗುವುದಿಲ್ಲ ಎಂದರು. ನೀವೇನು ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದಿರಾ ಎಂದು ನಾನು ಚುಚ್ಚಿದೆ. ಆಗ ಅವರು ಹೇಳಿದ್ದು ನಾನು ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ. ಹೈಸ್ಕೂಲಿಗೆ ಹೋಗುವ ಬಸ್ಸಿನಲ್ಲೇ ಅವರ ತಾಯಿಯೂ ಮೀನಿನ ಬುಟ್ಟಿ ಹಿಡಿದು ಬರುತ್ತಿದ್ದರಂತೆ. ಕಂಡಕ್ಟರು ದಿನಾ ಅವರನ್ನು ಹಿಂದಿನ ಮೆಟ್ಟಿಲ ಮೇಲೆ ನಿಲ್ಲಿಸುತ್ತಿದ್ದನಂತೆ. ಇವರು ಮುಂದಿನ ಸೀಟಿನಲ್ಲಿ ಕೂತು, ತಾಯಿಯ ಗುರುತೇ ಇಲ್ಲದವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರಂತೆ. “ಆ ವಾಸನೆ ಬಂದರೆ ನನಗೆ ಮೀನು ನೆನಪಾಗೂದಿಲ್ಲ,” ಎಂದರು. “ಆ ಕಿಟಕಿ ನೆನಪಾಗ್ತದೆ.”

ನಾನು ಪುಸ್ತಿಕೆಯನ್ನು ಮಡಚಿಟ್ಟೆ. ಜಗಲಿಯಲ್ಲಿ ಸೆಟ್ಲಿಯ ಸಿಪ್ಪೆ ಬೀಳುವ ಸದ್ದು ನಿಂತಿತ್ತು. ಆಯಿ ಅಲ್ಲಿಂದಲೇ, “ಬಂಗಡೆನೇ ತಕಳ್ಳಿ. ನಾ ಆಗಲೇ ಹೇಳಿದ್ನಲ್ಲ, ಬಹಳ ಚಲೋ ಅದೆ,” ಎಂದಳು.

ನಾನು ಎದ್ದು ಹೋಗಿ ಅವಳ ಎದುರು ಕೂತೆ.

“ಆಯಿ, ಹೊಗಳೂದು ಸಾಕು. ನಿಂಗೆ ಯಾವುದು ಬೇಕು?”

ಅವಳು ಕೈಯಲ್ಲಿದ್ದ ಸೆಟ್ಲಿಯ ತಲೆ ಮುರಿದಳು. “ಬೇಕು ಅಂದ ಕೂಡಲೇ ರೇಟು ಏರ್ತದೆ.”

“ಇಲ್ಲಿ ಮಾರುವವರು ಯಾರಿದ್ದಾರೆ?”

“ಇದ್ದಾರಲ್ಲ,” ಎಂದು ಒಳಗಿನ ಬಾಗಿಲ ಕಡೆ ಕಣ್ಣು ಹಾಯಿಸಿದಳು. “ನಂಗೆ ದೊಡ್ಡ ಡಿಕ್ಕಿ ಬೇಕು ಅಂದ್ರೆ ಮುದುಕಿ ಮೀನು ತರ್ತದೆ ಅಂತ ಗೊತ್ತಾಗ್ತದೆ. ಆಮೇಲೆ ಗಾಡಿನೂ ಇಲ್ಲ, ಪೇಟೆನೂ ಇಲ್ಲ. ಬೈದ್ರೆ ನಿಂಗೆ ತಿಳೀತದೆ ಅಂದ್ಕಂಡೆ. ನನ್ ಸಂಗ್ತಿಗೆ ದಂಡೆಗೆ ಬಂದವಳಲ್ವನೇ ನೀನು? ಮೂರು ಗೇಣು ಅಳೆದದ್ದು ನೋಡ್ದೆ, ನೋಡಿನೂ ಸುಮ್ನೆ ನಿಂತೆ.”

ಅಷ್ಟು ದಿನ ಶೋರೂಮಿನವರನ್ನು ಅನುಮಾನಿಸಿದೆ, ಗಂಡನನ್ನು ಅನುಮಾನಿಸಿದೆ, ಪಕ್ಕದ ಮಣೆಯವಳನ್ನು ಅನುಮಾನಿಸಿದೆ. ಆಯಿಯ ಹೊಗಳಿಕೆಯನ್ನೂ ಅನುಮಾನಿಸಿದ್ದೆ, ಆದರೆ ಅದನ್ನು ಕೊನೆತನಕ ಹಿಡಿದು ಹೋಗಲಿಲ್ಲ. ಮಾಸ್ತರಿಕೆಯಲ್ಲಿ ಹೇಳಿದ್ದನ್ನೇ ಹೇಳಿದ್ದು ಎಂದು ತಿಳಿಯುವ ಚಟ ಹತ್ತಿರಬೇಕು.

ಪಾಪ್ಲೆಟ್ಟನ್ನು ಹತ್ತಲು ಆಗುವುದಿಲ್ಲವಲ್ಲ, ಹಲ್ಲು ಕಚ್ಚಿದ್ದು ನಾನು ನೋಡಿದೆನಲ್ಲ ಎಂದೆ. ಅವಳು ತಾನು ಕೂತಿದ್ದ ಮಣೆಯನ್ನು ಕೋಲಿನಿಂದ ತಟ್ಟಿ ತೋರಿಸಿದಳು. ಅದನ್ನು ಪೇಟೆಯಿಂದ ತರಿಸಿ ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದಳು, ಬುಟ್ಟಿ ಮಾತ್ರ ಅಲ್ಲಿ ಬಿಟ್ಟಿದ್ದಳು. ಗೇಣೆತ್ತರದ ಮಣೆ, ನಾಲ್ಕು ಗಟ್ಟಿ ಕಾಲು. ಅದರ ಮೇಲೆ ಎಡಗಾಲಿಟ್ಟು ಏರಿದರೆ ಬಲಗಾಲಿಗೆ ಭಾರ ಬೀಳುವುದಿಲ್ಲ. ಇಷ್ಟನ್ನು ಅವಳು ಕಾರವಾರದಿಂದ ಬಂದ ಮರುದಿನವೇ ನಮ್ಮ ಜಗಲಿಯ ಕಟ್ಟೆಗೆ ಮಣೆ ಹಾಕಿ ಹತ್ತಿ ಇಳಿದು ನೋಡಿದ್ದಳಂತೆ. ನಾವಿಬ್ಬರೂ ಮನೆಯಲ್ಲಿ ಇಲ್ಲದಾಗ.

ಇವರು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಸೋಮವಾರ ಕಾರವಾರದ ಮಾರುವಾತ ತಾನಾಗಿಯೇ ಫೋನು ಮಾಡಿದ. ಅಜ್ಜಿಗೆ ಅಷ್ಟು ಅಸಮಾಧಾನ ಆಗಿದ್ದರೆ ಬೆಲೆಯಲ್ಲಿ ಸ್ವಲ್ಪ ನೋಡೋಣ, ಸೀಟಿನ ಕವರು ಪುಕ್ಕಟೆ ಹಾಕಿಕೊಡೋಣ ಎಂದನಂತೆ. ಇವರಿಗೆ ನಗು ಬಂತು. ನನಗೆ ಹೇಳಿದರು, ನಾನು ಆಯಿಗೆ ಹೇಳಿದೆ. ಎರಡು ದಿನ ಫೋನು ಎತ್ತದೆ ಇದ್ದಿದ್ದರೆ ಅವನು ಇನ್ನೂ ಇಳಿಯುತ್ತಿದ್ದ ಎಂದು ಆಯಿ ಬೇಸರ ಮಾಡಿಕೊಂಡಳು.

ಬುಧವಾರ ಕಚೇರಿಯಿಂದ ಬರುವಾಗ ಇವರ ಸ್ಕೂಟರಿನ ಹಿಂದೆ ದಪ್ಪ ರಬ್ಬರು ಶೀಟಿನ ಒಂದು ಸುರುಳಿ ಇತ್ತು. ಬಚ್ಚಲ ಹಿಂದಿನಿಂದ ಟಬ್ಬು ತಂದು ಅಂಗಳದಲ್ಲಿಟ್ಟು, ಅದರ ಸುತ್ತ ನಾಲ್ಕು ಬೆರಳು ಹೆಚ್ಚು ಬಿಟ್ಟು ಶೀಟು ಕತ್ತರಿಸಿದರು. ಅದೇ ಟೇಪು, ಅದೇ ಮೂರು ಅಂಕಿ. ಮುಚ್ಚಳ ಮಾತ್ರ ಬಿಗಿ ಇರಬೇಕು, ಸಂಜೆ ಗಾಡಿ ತೊಳೆಯುವ ಕೆಲಸ ತಮ್ಮದೇ, ಬೇರೆಯವರು ಬೇಡ ಎಂದು ನನಗೆ ಹೇಳಿದರು. ನಾನು ಆಯಿಗೆ ಹೇಳುವ ಅಗತ್ಯ ಇರಲಿಲ್ಲ, ಅವಳು ಅಲ್ಲೇ ಕೂತಿದ್ದಳು. ಆದರೂ ಪದ್ಧತಿಗೆ ಹೇಳಿದೆ.

ಪಾಪ್ಲೆಟ್ಟು ಮನೆಗೆ ಬಂದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ ಆಯಿ ಮಣೆ ಹಾಕಿ ಹತ್ತಿದಳು. ನಾನು ಮಣೆಯನ್ನು ಎತ್ತಿ ಅವಳ ಕಾಲ ಬಳಿ ಇಟ್ಟೆ. ಕೇಣಿಯಲ್ಲಿ ಅದೇ ಮಣೆ ಹಾಕಿ ಇಳಿದಳು, ದಂಡೆಯವರೆಗೆ ಕೋಲೂರಿ ಹೋಗಿ ಒಂದು ರಾಶಿಯನ್ನು ಮನಸಾರೆ ಬೈದು ಅದನ್ನೇ ತಗೊಂಡಳು. ಅತ್ತಿಗೆ ಟಬ್ಬನ್ನು ತಂದು ಹಿಂದೆ ಇಟ್ಟಳು. ಬಾಗಿಲು ಸಲೀಸಾಗಿ ಕೂತಿತು. ಪೇಟೆಗೆ ಹೋಗುವವರೆಗೂ ನಾನು ಗಾಳಿ ಮೂಸುತ್ತಲೇ ಇದ್ದೆ. ಏನೂ ವಾಸನೆ ಇರಲಿಲ್ಲ. ಇದ್ದರೂ ಮೀನು ಪೇಟೆಯ ಮಗಳಿಗೆ ಗೊತ್ತಾಗುತ್ತಿತ್ತೋ ಇಲ್ಲವೋ.

ಪೇಟೆಯಲ್ಲಿ ಬುಟ್ಟಿ ಕವುಚಿಕೊಂಡೇ ಇತ್ತು. ಪಕ್ಕದವಳ ಮಣೆ ಈಗ ಗೆರೆ ದಾಟಿ ಅರ್ಧ ಫರ್ಸಿ ಒಳಗೆ ಬಂದಿತ್ತು. ನಾನು ಜಗಳಕ್ಕೆ ಬೇಕಾದ ಮಾತುಗಳನ್ನು ಅವರ್ಸಾದಿಂದಲೇ ಜೋಡಿಸಿಕೊಂಡು ಬಂದಿದ್ದೆ. ಆಯಿ ನನ್ನ ಕೈ ಒತ್ತಿದಳು. ಐಸಿನ ಗೋಣಿ ತೆಗೆದು ಬದಿಗಿಟ್ಟು, ಪಕ್ಕದವಳ ಗಲ್ಲ ಮುಟ್ಟಿದಳು.

“ನಾಲ್ಕು ತಿಂಗಳು ನನ್ ಜಾಗ ಎಷ್ಟು ಚಂದ ನೋಡ್ಕಂಡೆ ಮಗಾ. ಹೆತ್ತ ಮಗಳೂ ಹೀಂಗೆ ನೋಡೂದಿಲ್ಲ.”

ಪಕ್ಕದವಳು ಮಣೆಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಳು. ಸಾಲಿನ ಹೆಂಗಸರು ಮೀನಿನ ಮೇಲೆ ನೀರು ಚಿಮುಕಿಸುವುದನ್ನು ಬಿಟ್ಟು ಇತ್ತ ನೋಡುತ್ತಿದ್ದರು.

“ನಿನ್ನ ಮೀನು ಎಂತಾ ತಾಜಾ ಅದೆ,” ಎಂದಳು ಆಯಿ. “ನಾ ಬರದೆ ಇದ್ರೂ ಅಡ್ಡಿರಲಿಲ್ಲ.”

ಮಣೆ ಗೆರೆಯ ಆಚೆ ಹೋಯಿತು. ಆಯಿ ತನ್ನ ಮಣೆ ಹಾಕಿ, ಕೂತು, ಬುಟ್ಟಿಯನ್ನು ಎತ್ತಿ ತಿರುಗಿಸಿದಳು. ಅದರಡಿಯ ನೆಲ ಬುಟ್ಟಿಯಷ್ಟೇ ಅಗಲಕ್ಕೆ ಒಣಗಿ ಬೆಳ್ಳಗಾಗಿತ್ತು. ಎದುರಿನ ಸಾಲಿನವಳೊಬ್ಬಳು, ಹೊಸಾ ಗಾಡಿಯಲ್ಲಿ ಬಂದೆಯಂತೆ, ಹೇಗಿದೆ ಎಂದು ಕೂಗಿ ಕೇಳಿದಳು.

“ಎಂತಾ ಗಾಡಿಯೋ ಏನೋ,” ಎಂದಳು ಆಯಿ, ಮೊದಲ ಪಾಪ್ಲೆಟ್ಟಿನ ಕಿವಿರು ಎತ್ತಿ ನೋಡುತ್ತ. “ಸೀಟು ಕಲ್ಲು, ಬಣ್ಣ ಸಪ್ಪೆ. ಅಳಿಯ ತಂದ, ಬರಬೇಕಾತು.”

ನನಗೆ ಶಾಲೆಗೆ ಹೊತ್ತಾಗಿತ್ತು. ಹೊರಡುವ ಮೊದಲು ನೆಲದ ಗೆರೆಗಳನ್ನು ಇನ್ನೊಮ್ಮೆ ನೋಡಿದೆ. ಎರಡೂವರೆ ಫರ್ಸಿ, ಸರಿಯಾಗಿಯೇ ಇತ್ತು. ಈಗಲೂ ಶನಿವಾರ ಹೋದಾಗ ಮೊದಲು ಅದನ್ನೇ ನೋಡುತ್ತೇನೆ.